ಕ್ಯಾಮೆರಾ ನೋಡದ ನಡುಹಗಲು

ಕೊರೊನಾ ಕಾಲ ಮುಗಿದ ಮೇಲಿನ ಎರಡನೆಯ ಬೇಸಿಗೆ. ಆಗ ನಾನು ಜಗಳೂರು ತಾಲ್ಲೂಕಿನ ಕುರುಚಲು ಕಾಡಿನ ಅಂಚಿನಲ್ಲಿ ಕೊಂಡುಕುರಿ ಸಮೀಕ್ಷೆಯ ಮೇಲ್ವಿಚಾರಕನಾಗಿದ್ದೆ. ಕೊಂಡುಕುರಿ ಎಂದರೆ ನಾಲ್ಕು ಕೊಂಬಿನ, ಮೇಕೆಗಿಂತ ತುಸು ಎತ್ತರದ, ಮನುಷ್ಯರ ಸದ್ದು ಕೇಳಿದರೆ ಮಾಯವಾಗುವ ಹುಲ್ಲೆ. ಅದನ್ನು ಹುಡುಕಿಕೊಂಡು ಹೋಗಿ ಎಣಿಸಲು ಆಗುವುದಿಲ್ಲ. ಅದು ಓಡಾಡುವ ಜಾಡಿನಲ್ಲಿ ಮರಕ್ಕೆ ಟ್ರೇಲ್ ಕ್ಯಾಮೆರಾ ಕಟ್ಟಿ ನಾವು ಅಲ್ಲಿಂದ ದೂರವಿರಬೇಕು.

ಈ ಕ್ಯಾಮೆರಾದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಟಿಫನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಅದು. ಒಳಗೆ ಲೆನ್ಸ್, ಬ್ಯಾಟರಿ, ಮೆಮೊರಿ ಕಾರ್ಡ್, ಜೊತೆಗೆ ಶಾಖ ಗುರುತಿಸುವ ಒಂದು ಸೆನ್ಸರ್. ಸುತ್ತಲಿನ ನೆಲ, ಬಂಡೆ, ಗಿಡಗಳಿಗಿಂತ ಹೆಚ್ಚು ಬೆಚ್ಚಗಿರುವ ಇಲ್ಲವೇ ತಣ್ಣಗಿರುವ ಮೈಯೊಂದು ಎದುರಿಗೆ ಸರಿದಾಗ ಸೆನ್ಸರ್ ಎಚ್ಚರಗೊಂಡು ಚಿತ್ರ ತೆಗೆಸುತ್ತದೆ. ಒಳ್ಳೆಯ ಕಂಪನಿಯ ಒಂದು ಕ್ಯಾಮೆರಾದ ಬೆಲೆಗೆ ಅಗ್ಗದವು ಆರೇಳು ಬರುತ್ತವೆ. ನಮ್ಮಂಥ ಸಣ್ಣ ಸಮೀಕ್ಷೆಗಳಿಗೆ ಅಗ್ಗದವೇ ಗತಿ. ಅವುಗಳ ಮೇಲೆ ನನಗೆ ತಾತ್ಸಾರವಿರಲಿಲ್ಲ. ಹೊನ್ನಾಳಿಯಲ್ಲಿ ಹೊಳೆದಂಡೆಗೆ ಬರುವ ನೀರುನಾಯಿಗಳನ್ನು ಇಂಥವೇ ಕ್ಯಾಮೆರಾಗಳು ಹಿಡಿದುಕೊಟ್ಟಿದ್ದವು. ನ್ಯಾಮತಿ ಕಡೆ ಮೆಕ್ಕೆಜೋಳದ ಹೊಲಕ್ಕೆ ಬರುತ್ತಿದ್ದ ಚಿರತೆಯನ್ನೂ ಅವೇ ತೋರಿಸಿದ್ದವು. ನಾನು ಚನ್ನಗಿರಿಯವನು, ಈ ನಾಲ್ಕು ತಾಲ್ಲೂಕುಗಳಲ್ಲಿ ಕ್ಯಾಮೆರಾ ಹೊತ್ತು ತಿರುಗಿ ಅರ್ಧ ಆಯಸ್ಸು ಕಳೆದವನು. ಹೊಳೆದಂಡೆಯ ಬೆಳಗಿನ ತಂಪೇ ಬೇರೆ, ಜಗಳೂರಿನ ಏಪ್ರಿಲ್ ಬಿಸಿಲೇ ಬೇರೆ ಎಂಬುದು ಮಾತ್ರ ಆ ವರ್ಷ ಮನಸ್ಸಿಗೆ ಇಳಿಯಿತು. ಅದಕ್ಕೆ ತೆತ್ತ ಬೆಲೆ ನನ್ನದಲ್ಲ.

ಊರಿನ ಹೆಸರು ಬೇಡ. ಊರಿಂದ ಹೊರಟ ಒಂದು ಕಾಲುದಾರಿ ಜಾಲಿ ಪೊದೆಗಳ ನಡುವೆ ಹಾದು, ಎರಡು ದೊಡ್ಡ ಬಂಡೆಗಳ ಸಂದಿಯಲ್ಲಿ ನುಸುಳಿ, ಆಚೆಯ ಹಳ್ಳಕ್ಕೆ ಇಳಿಯುತ್ತದೆ. ಹಳ್ಳದುದ್ದಕ್ಕೂ ಹೊಂಗೆ ಮರಗಳು. ಹಳ್ಳದಾಚೆ ಕಾಡು. ಆ ಬಂಡೆಗಳ ಸಂದಿಗೆ ಮುಖಮಾಡಿ ಒಂದು ಕ್ಯಾಮೆರಾ ಕಟ್ಟಿದ್ದೆ. ಊರಿನವರಿಗೆಲ್ಲ ಅದು ಗೊತ್ತಿತ್ತು. ದಾಟುವಾಗ ಕೆಲವರು ಅದಕ್ಕೆ ಕೈ ಬೀಸಿ ಹೋಗುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ನಾಗವೇಣಿ ಎಂಬ ಹೆಣ್ಣುಮಗಳು ಹೊಂಗೆ ಕಾಯಿ ಆರಿಸಲು ಹಳ್ಳಕ್ಕೆ ಹೋದವಳು ಮನೆಗೆ ಬರಲಿಲ್ಲ. ಅವಳ ಗಂಡ ತಿಪ್ಪೇಸ್ವಾಮಿ ಪಂಚಾಯಿತಿಯಲ್ಲಿ ನೀರುಗಂಟಿ, ಅಂದರೆ ಊರಿಗೆ ನೀರು ಬಿಡುವ ನೌಕರ. ಸಂಜೆ ಊರಿನವರು ಹಳ್ಳದುದ್ದಕ್ಕೂ ಕೂಗಿ ಹುಡುಕಿದರು. ಕತ್ತಲಾದ ಮೇಲೆ ಠಾಣೆಗೆ ತಿಳಿಸಿದರು. ಮಂಗಳವಾರ ಬೆಳಿಗ್ಗೆ ಹೆಡ್ ಕಾನ್‌ಸ್ಟೇಬಲ್ ನನಗೆ ಫೋನ್ ಮಾಡಿದರು. ಕಾರ್ಡ್ ಬಿಚ್ಚಿಕೊಂಡು ಹೋಗಿ, ಶಾಲೆಯ ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದೆ. ಸುತ್ತ ಅರ್ಧ ಊರು ನೆರೆದಿತ್ತು.

ಸೋಮವಾರದ ಮೊದಲ ಚಿತ್ರದಲ್ಲೇ ಅವಳಿದ್ದಳು. ಬೆಳಗಿನ ಎಳೆಬಿಸಿಲು, ಕಂಕುಳಲ್ಲಿ ಮಡಚಿದ ಗೋಣಿಚೀಲ. ಕ್ಯಾಮೆರಾ ಕಂಡು ನಗು ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವಳ ಹಿಂದೆ ಒಂದು ಮೇಕೆ ಹಿಂಡು. ಆಮೇಲೆ ಮೊಪೆಡ್ ಮೇಲೆ ಒಬ್ಬ ಗಂಡಸು. ಅವನು ಮಂಜಪ್ಪ, ನ್ಯಾಮತಿ ಕಡೆಯವನು. ಊರೂರು ತಿರುಗಿ ಹೊಂಗೆ ಬೀಜ ಕೊಂಡು ಎಣ್ಣೆ ಗಾಣಕ್ಕೆ ಹಾಕುವವನು. ಅವನಾದ ಮೇಲೆ ಒಂದು ಮೊಲ. ಬಿಸಿಲೇರಿದ ಮೇಲೆ ಏನೂ ಇಲ್ಲ. ಸಂಜೆ ಅವಳನ್ನು ಹುಡುಕುತ್ತ ಹೋದವರು. ಅವರು ಮರಳಿದ ಮೇಲೆ ಒಂದು ನರಿ.

ಹಿಂದಿನಿಂದ ಯಾರೋ ಹೇಳಿದರು: "ಇಬ್ರೂ ಹೋಗ್ಯಾರೆ. ಇಬ್ರೂ ಬಂದಿಲ್ಲ."

ನಾನು ಹೇಳಿದೆ: "ಈ ಕ್ಯಾಮೆರಾ ಎಲ್ಲವನ್ನೂ ಹಿಡಿಯುವುದಿಲ್ಲ. ತಪ್ಪಿಸಿಕೊಂಡು ಹೋಗುವುದೂ ಇದೆ."

"ಮೊಲಾನೇ ಹಿಡ್ದೈತಲ್ರಿ ಸಾರ್! ಮೊಲ ಸಿಕ್ಕೇತೆ, ಹೆಂಗ್ಸು ತಪ್ಪಿಸ್ಕಂತಾಳಾ?"

ಕೆಲವರು ನಕ್ಕರು. ಆ ನಗುವಿನಲ್ಲೇ ತೀರ್ಮಾನ ಆಗಿಹೋಯಿತು. ಮಂಜಪ್ಪನಿಗೆ ಫೋನ್ ಹಚ್ಚಿದರೆ ಸ್ವಿಚ್ ಆಫ್. ತಿಪ್ಪೇಸ್ವಾಮಿ ಕಂಬಕ್ಕೆ ಒರಗಿ ನಿಂತಿದ್ದ. ಹಿಂದಿನ ಸಂಜೆಯೆಲ್ಲ ಹೆಂಡತಿಯ ಹೆಸರು ಕೂಗಿ ಅವನ ಗಂಟಲು ಕಟ್ಟಿತ್ತು. ಆ ಚಿತ್ರಗಳನ್ನು ನೋಡಿದ ಮೇಲೆ ಅವನ ಮುಖದಲ್ಲಿ ಏನೋ ಮುಚ್ಚಿಕೊಂಡಂತಾಯಿತು. "ಹೋದೋಳು ಹೋದ್ಲು. ಇನ್ನ ಹುಡುಕಾಕೆ ಏನೈತ್ರಿ" ಎಂದವನೇ ಜಗಲಿ ಇಳಿದು ಹೊರಟ.

ಅವನನ್ನು ತಡೆದವಳು ಹನುಮಕ್ಕ. ನಾಗವೇಣಿಯ ಅಕ್ಕ ಅವಳು, ಅದೇ ಊರಿಗೆ ಕೊಟ್ಟಿದ್ದರು. "ತಿಪ್ಪೇಸ್ವಾಮಿ, ನಾಳೆ ಮಗಳು ಹಾಸ್ಟೆಲ್‌ನಿಂದ ಬರ್ತಾಳೆ ಅಂತ ಹೋಳಿಗಿ ಮಾಡಾಕೆ ಬ್ಯಾಳಿ ತಂದಿಟ್ಟಾಳೆ ಕಣಪ್ಪ. ಓಡಿಹೋಗೋಳು ಬ್ಯಾಳಿ ತರ್ತಾಳಾ?" ಅವನು ಅವಳನ್ನು ದಾಟಿಕೊಂಡು ನಡೆದ. ಮಧ್ಯಾಹ್ನದ ಹೊತ್ತಿಗೆ ನಾಲ್ವರು ಒಂದು ಜೀಪು ಮಾಡಿಕೊಂಡು ನ್ಯಾಮತಿಗೆ ಹೊರಟರು. ಹುಡುಕಾಟ ಅಲ್ಲಿಗೆ ನಿಂತಿತು. ನಾಗವೇಣಿ ಈಗ ಕಾಣೆಯಾದವಳಲ್ಲ, ಓಡಿಹೋದವಳು.

ಆ ಸಂಜೆ ಜಗಳೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಚಿತ್ರಗಳನ್ನು ಮತ್ತೆ ನೋಡತೊಡಗಿದೆ. ನಗುತ್ತಿದ್ದ ಆ ಮುಖ ನನ್ನನ್ನು ಬಿಟ್ಟಿರಲಿಲ್ಲ. ಎಷ್ಟೋ ಸಲ ನೋಡಿದ ಮೇಲೆ ಕಣ್ಣು ಅವಳ ಹಿಂದಿದ್ದ ಮೇಕೆಗಳ ಮೇಲೆ ನಿಂತಿತು. ಹಿಂಡು ಬೆಳಿಗ್ಗೆ ಹಳ್ಳಕ್ಕೆ ಹೋಗಿದೆ. ಮರಳಿದ ಚಿತ್ರ ಎಲ್ಲಿ? ಅಷ್ಟು ದೊಡ್ಡ ಹಿಂಡಿನ ಒಂದು ಬಾಲವೂ ಇಲ್ಲ. ಆದರೆ ಬೆಳಿಗ್ಗೆ ಶಾಲೆಗೆ ಹೋಗುವಾಗ ಅದೇ ಹಿಂಡು ದೊಡ್ಡಿಯಲ್ಲಿ ಅರಚುವುದನ್ನು ನಾನೇ ಕೇಳಿದ್ದೆ.

ಹೆಡ್ ಕಾನ್‌ಸ್ಟೇಬಲ್‌ಗೆ ಫೋನ್ ಮಾಡಿ ಹೇಳಿದೆ. ಅವರು ಕೇಳಿಸಿಕೊಂಡು, ಬೆಳಕು ಹರಿದ ಕೂಡಲೇ ಬರುತ್ತೇನೆಂದರು. ಅವರಿಂದಲೇ ಇನ್ನೊಂದು ಸುದ್ದಿಯೂ ತಿಳಿಯಿತು. ಮಂಜಪ್ಪ ನ್ಯಾಮತಿಯ ತನ್ನ ಮನೆಯಲ್ಲೇ ಇದ್ದ, ಹೆಂಡತಿ ಮಕ್ಕಳ ಜೊತೆ. ಹಳ್ಳ ದಾಟಿ, ಕಾಡಿನಾಚೆಯ ಊರಿನ ರಸ್ತೆ ಹಿಡಿದು ಸೋಮವಾರವೇ ಮನೆ ಸೇರಿದ್ದನಂತೆ. ಫೋನು ಕೆಟ್ಟು ರಿಪೇರಿಗೆ ಕೊಟ್ಟಿದ್ದನಂತೆ. ಜೀಪಿನಲ್ಲಿ ಹೋದವರು ಅದನ್ನು ಕೇಳುವ ಮೊದಲೇ ಹೊಡೆದಿದ್ದರು. ಅವನ ಬಲಗೈ ಮುರಿದಿತ್ತು.

ಬುಧವಾರ ಬೆಳಿಗ್ಗೆ ಮೇಕೆ ಕಾಯುವ ಓಬಜ್ಜನನ್ನು ಕಂಡು, ಸೋಮವಾರ ಎಷ್ಟು ಹೊತ್ತಿಗೆ, ಯಾವ ದಾರಿಯಲ್ಲಿ ಬಂದೆ ಎಂದು ಕೇಳಿದೆ. "ಬಿಸ್ಲು ನೆತ್ತಿಗೆ ಬಂದಿತ್ತು. ಅದೇ ಬಂಡಿ ಸಂದ್ಯಾಗೇ ಬಂದೆ. ಬ್ಯಾರೆ ದಾರಿ ಎಲ್ಲೈತೆ ಮೇಕಿಗೆ?" ಎಂದ. ಮರಳುವಾಗ ನಾಗವೇಣಿಯನ್ನು ಅವನು ನೋಡಿರಲಿಲ್ಲ. ಆದರೆ ಇಡೀ ಹಿಂಡು ಕ್ಯಾಮೆರಾದ ಮೂಗಿನಡಿಯೇ ಹಾದುಹೋಗಿ ಒಂದು ಚಿತ್ರವೂ ಬಿದ್ದಿರಲಿಲ್ಲ ಎಂಬುದು ಖಾತ್ರಿಯಾಯಿತು. ಹಾಗಾದರೆ ನಾಗವೇಣಿಯೂ ಸಂದಿ ದಾಟಿ ಈಚೆಗೆ ಬಂದಿರಬಹುದು. ಹುಡುಕಬೇಕಾದದ್ದು ಹಳ್ಳದಲ್ಲಿ ಅಲ್ಲ, ಬಂಡೆಗೂ ಊರಿಗೂ ನಡುವೆ.

ಊರಿನ ಗಂಡಸರಿಗೆ ಹೇಳಿದೆ. ಯಾರೂ ಏಳಲಿಲ್ಲ. ನ್ಯಾಮತಿಯಲ್ಲಿ ಆಗಿದ್ದು ಗೊತ್ತಾಗಿ ಅವರೂ ಮಂಕಾಗಿದ್ದರು, ಆದರೂ ಮಂಜಪ್ಪನಲ್ಲದಿದ್ದರೆ ಇನ್ನೊಬ್ಬ ಎಂಬ ಹಟ. ಹನುಮಕ್ಕ, ಓಬಜ್ಜ, ಹೆಡ್ ಕಾನ್‌ಸ್ಟೇಬಲ್, ನಾನು, ಇಷ್ಟೇ ಜನ ದಾರಿಯ ಎಡಬದಿಯ ಪೊದೆಗಳಲ್ಲಿ ಕೂಗುತ್ತ ಅಲೆದೆವು. ಆ ಜಾಲಿ ಕಂಟಿಯಲ್ಲಿ ನಾಲ್ಕು ಜನ ಯಾವ ಲೆಕ್ಕಕ್ಕೂ ಇಲ್ಲ. ಊರೇ ಇಳಿಯಬೇಕಿತ್ತು. ಊರು ಇಳಿಯಬೇಕಾದರೆ ಮೊದಲು ಆ ಕ್ಯಾಮೆರಾದ ಮೇಲಿನ ನಂಬಿಕೆ ಮುರಿಯಬೇಕಿತ್ತು.

ಬಿಸಿಲು ನೆತ್ತಿಗೇರಿದಾಗ ಹೆಡ್ ಕಾನ್‌ಸ್ಟೇಬಲ್ ಊರಿನವರನ್ನು ಬಂಡೆಯ ಹತ್ತಿರ ಕರೆಸಿದರು. ನಾನು ಕ್ಯಾಮೆರಾಕ್ಕೆ ಖಾಲಿ ಕಾರ್ಡ್ ಹಾಕಿ, ತಿಪ್ಪೇಸ್ವಾಮಿಯನ್ನು ಕರೆದೆ. "ಇದರ ಮುಂದೆ ನಡೆದು ಆಚೆ ಹೋಗಿ, ಮತ್ತೆ ಬನ್ನಿ."

"ಯಾಕ್ರಿ?"

"ನಿಮ್ಮ ಹೆಂಡತಿಗಾಗಿ ನಡೆಯಿರಿ."

ಅವನು ನಡೆದ. ಹೋದ, ಬಂದ, ಮತ್ತೆ ಹೋದ. ಓಬಜ್ಜ ತನ್ನ ಹಿಂಡನ್ನೇ ದಾಟಿಸಿದ. ಕಾರ್ಡ್ ತೆಗೆದು ಎಲ್ಲರೆದುರು ಲ್ಯಾಪ್‌ಟಾಪಿಗೆ ಹಾಕಿದೆ. ಒಂದೇ ಒಂದು ಚಿತ್ರ ಇರಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ತಂದಿದ್ದ ಕೊಡದ ನೀರನ್ನು ತಿಪ್ಪೇಸ್ವಾಮಿಯ ತಲೆಯ ಮೇಲೆ ಸುರಿಯಲು ಹೇಳಿದೆ. ಅವನು ತೊಯ್ದ ಬಟ್ಟೆಯಲ್ಲೇ ಇನ್ನೊಮ್ಮೆ ದಾಟಿದ. ಈಗ ಚಿತ್ರ ಬಿದ್ದಿತ್ತು, ನೀರು ತೊಟ್ಟಿಕ್ಕುವ ಗಂಡಸೊಬ್ಬನದು.

ನಾನು ವಿವರಿಸಿದೆ: "ಈ ಹೊತ್ತಿನಲ್ಲಿ ಬಂಡೆ, ನೆಲ, ಗಾಳಿ ಎಲ್ಲವೂ ನಮ್ಮ ಮೈಯಷ್ಟೇ ಬಿಸಿ. ಇದಕ್ಕೆ ನಾವು ಬಂಡೆಗಿಂತ ಬೇರೆ ಅಂತ ಗೊತ್ತಾಗುವುದಿಲ್ಲ. ನೀರು ಬಿದ್ದು ಮೈ ತಣ್ಣಗಾದಾಗ ಕಂಡಿತು. ಬೆಳಿಗ್ಗೆ ಮೊಲ ಕಂಡಿತು. ನಡುಹಗಲಲ್ಲಿ ಯಾರು ಬಂದರೂ ಇದಕ್ಕೆ ಕಾಣುವುದಿಲ್ಲ."

ತಿಪ್ಪೇಸ್ವಾಮಿ ತನ್ನ ಚಿತ್ರವನ್ನೇ ನೋಡುತ್ತ ನಿಂತ. "ನಾನು ಅಷ್ಟ್ ಸಲ ಹೋಗಿ ಬಂದ್ನಲ್ರಿ ಸಾರ್... ಇದ್ರಾಗೆ ಒಂದೇ ಸಲ ಇದೀನಿ" ಎಂದ. ಆಮೇಲೆ ಅದರ ಅರ್ಥ ಅವನ ತಲೆಗೆ ಹೋಯಿತು. "ಬಂದಾಳೆ... ನನ್ ಹೆಂಡ್ತಿ ಬಂದಾಳೆ ಕಣ್ರೋ" ಎಂದು ಕಿರುಚಿಕೊಂಡು ಪೊದೆಗಳೊಳಗೆ ನುಗ್ಗಿದ. ಊರಿಗೆ ಊರೇ ಅವನ ಹಿಂದೆ ನುಗ್ಗಿತು.

ಅಷ್ಟು ಜನ ಇಳಿದ ಮೇಲೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ದಾರಿಯ ಬಲಬದಿಯಲ್ಲಿ, ಬೀಳುಬಿಟ್ಟ ಹೊಲವೊಂದರ ಮೂಲೆಯಲ್ಲಿ ಕಟ್ಟೆಯಿಲ್ಲದ ಹಳೆಯ ಬಾವಿಯಿತ್ತು. ಅಂಚಿನಲ್ಲಿ ಒಂಟಿ ಹೊಂಗೆ ಮರ, ಅದರ ಒಂದು ಕೊಂಬೆ ಕಾಯಿ ಹೊತ್ತು ಬಾವಿಯ ಮೇಲೆ ಬಾಗಿತ್ತು. ಮರದ ಬುಡದಲ್ಲಿ ಮುಕ್ಕಾಲು ತುಂಬಿದ ಗೋಣಿಚೀಲ. ಮನೆಗೆ ಹೋಗುವ ದಾರಿಯಲ್ಲಿ ಅವಳು ಚೀಲ ತುಂಬಿಸಿಕೊಳ್ಳಲು ಅಲ್ಲಿ ನಿಂತಿದ್ದಳು.

ಬಾವಿಯಲ್ಲಿ ನೀರಿರಲಿಲ್ಲ. ಹಗ್ಗ ಕಟ್ಟಿಕೊಂಡು ಇಳಿದವರು ಮೇಲಕ್ಕೆ ತಂದಾಗ ಜೀವ ಹೋಗಿತ್ತು. ಎಡಗಾಲು ಮುರಿದಿತ್ತು. ಮುರಿದ ಜಾಗಕ್ಕೆ ಸೆರಗಿನ ಅಂಚನ್ನು ಹರಿದು ಸುತ್ತಿ, ಗಂಟು ಹಾಕಲಾಗಿತ್ತು. ಆ ಗಂಟನ್ನು ಮೊದಲು ಕಂಡವಳು ಹನುಮಕ್ಕ. ಅದರ ಮೇಲೆ ಕೈಯಿಟ್ಟು ಕೂತಳು. "ತಾನೇ ಕಟ್ಕಂಡಾಳೆ. ಯಾರಾರಾ ಬರ್ತಾರೆ ಅಂತ ಕಟ್ಕಂಡಾಳೆ" ಎಂದಳು. ಸುತ್ತ ನಿಂತ ಗಂಡಸರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ.

ಶವಪರೀಕ್ಷೆ ಮಾಡಿದ ವೈದ್ಯರು ಹನುಮಕ್ಕ ಕೇಳಿದ್ದಕ್ಕೆ ಉತ್ತರ ಕೊಡಲು ಹಿಂಜರಿದರು. ಅವಳು ಬಿಡಲಿಲ್ಲ. ಬಿದ್ದ ದಿನ ಸತ್ತಿಲ್ಲ, ಮಂಗಳವಾರ ಮಧ್ಯಾಹ್ನದವರೆಗಾದರೂ ಜೀವ ಇದ್ದಿರಬೇಕು ಎಂದರು. ಮಂಗಳವಾರ ಮಧ್ಯಾಹ್ನವೆಂದರೆ ಜೀಪು ನ್ಯಾಮತಿಗೆ ಹೊರಟ ಹೊತ್ತು.

ಮಣ್ಣು ಮಾಡಿದ ಮೇಲೆ ತಿಪ್ಪೇಸ್ವಾಮಿ ನೀರು ಬಿಡುವ ಕೆಲಸ ಬಿಟ್ಟ. ಮಗಳು ದೊಡ್ಡಮ್ಮನ ಮನೆ ಸೇರಿದಳು. ತಂದೆಯ ಜೊತೆ ಅವಳು ಮಾತಾಡುವುದಿಲ್ಲ ಎಂದು ಆಮೇಲೆ ಕೇಳಿದೆ. ಜೀಪಿನಲ್ಲಿ ಹೋದ ನಾಲ್ವರ ಮೇಲೆ ಕೇಸಾಯಿತು.

ನಾನು ನ್ಯಾಮತಿಗೆ ಹೋಗಿ ಮಂಜಪ್ಪನನ್ನು ಕಂಡೆ. ಕೈಗೆ ಕಟ್ಟು ಹಾಕಿತ್ತು, ಮೊಪೆಡ್ ಗೋಡೆಗೆ ಒರಗಿತ್ತು. ಅವನ ಹೆಂಡತಿ ನೀರು ತಂದುಕೊಟ್ಟು ಒಳಗೆ ಹೋದಳು. ನನ್ನ ಮುಖ ನೋಡಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಅವನು ಹೇಳಿದ: "ಆ ಪೆಟ್ಟಿಗಿಗೆ ನಾನು ಕಂಡೆ, ಏಟು ತಿಂದೆ. ಆಯಮ್ಮ ಕಾಣ್ಲಿಲ್ಲ, ಜೀವ ಬಿಟ್ಲು. ಹೆಂಗೆ ಬದುಕ್ಬೇಕು ಹೇಳ್ರಿ ಸಾರ್ ಅದ್ರ ಮುಂದೆ?" ಅವನು ಮತ್ತೆ ಜಗಳೂರು ಕಡೆ ವ್ಯಾಪಾರಕ್ಕೆ ಹೋಗಲಿಲ್ಲ.

ಅಗ್ಗದ ಟ್ರೇಲ್ ಕ್ಯಾಮೆರಾ ನಂಬಬಹುದೇ ಎಂದು ಹುಡುಗರು ಈಗಲೂ ನನ್ನನ್ನು ಕೇಳುತ್ತಾರೆ. ನಂಬಬಹುದು, ಅದು ತೋರಿಸಿದ್ದರ ಮಟ್ಟಿಗೆ. ಚಿತ್ರ ಇದ್ದರೆ ಪ್ರಾಣಿ ಅಲ್ಲಿತ್ತು. ಚಿತ್ರ ಇಲ್ಲದಿದ್ದರೆ ಚಿತ್ರ ಇಲ್ಲ, ಅಷ್ಟೇ. ಪ್ರಾಣಿ ಇರಲಿಲ್ಲ ಎಂದು ಅದು ಹೇಳುತ್ತಿಲ್ಲ. ಹಾಗೆ ಹೇಳುವವರು ನಾವು. ದುಬಾರಿ ಕ್ಯಾಮೆರಾಕ್ಕೂ ಇದೇ ಮಾತು, ಅದು ತಪ್ಪುವುದು ಕಡಿಮೆ ಎನ್ನುವುದಷ್ಟೇ ವ್ಯತ್ಯಾಸ. ಆ ವರ್ಷದಿಂದ ನಾನು ಯಾವ ಸಮೀಕ್ಷೆಯ ವರದಿ ಬರೆದರೂ ಮೊದಲು ಬರೆಯುವುದು ಕ್ಯಾಮೆರಾ ಕುರುಡಾಗುವ ಹೊತ್ತುಗಳನ್ನು. ಕಂಡ ಪ್ರಾಣಿಗಳು ಆಮೇಲೆ.

ಹೊಸಬರಿಗೆ ತರಬೇತಿ ಕೊಡುವಾಗ ಅವರನ್ನೆಲ್ಲ ಸುಡುಬಿಸಿಲಲ್ಲಿ ಸಾಲಾಗಿ ಕ್ಯಾಮೆರಾದ ಮುಂದೆ ನಡೆಸುತ್ತೇನೆ. ಕಾರ್ಡ್ ತೆರೆದು ತೋರಿಸಿದರೆ ಅದರಲ್ಲಿ ಯಾರೂ ಇರುವುದಿಲ್ಲ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಜೋರಾಗಿ ನಗುತ್ತಾರೆ. ಆ ನಗು ತಾನಾಗಿ ನಿಲ್ಲುವವರೆಗೆ ಕಾಯುತ್ತೇನೆ. ಆಮೇಲೆ ನಾಗವೇಣಿಯ ಹೆಸರು ಹೇಳುತ್ತೇನೆ.