ಕಿಟಕಿಯ ಕೆಳಗಿನ ಕಟ್ಟೆ

ಯಾರಾದರೂ ಕಾರಣವಿಲ್ಲದೆ ಕರೆದು ಉಪ್ಪಿಟ್ಟು ತಿನ್ನಿಸಿದರೆ ನನಗೆ ಇವತ್ತಿಗೂ ಅನುಮಾನ ಬರುತ್ತದೆ. ಈ ರೋಗ ಹತ್ತಿದ್ದು ಅರವತ್ತರ ದಶಕದ ಮೊದಲ ವರ್ಷಗಳಲ್ಲಿ, ತಿಕೋಟಾದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಹೊಸದಾಗಿ ಕಲಿಸಲು ಸೇರಿದ್ದಾಗ.

ಒಂದು ದಿನ ವಿಜಯಪುರದಿಂದ, ಆಗ ನಮಗೆಲ್ಲ ಅದು ವಿಜಾಪುರ, ಒಬ್ಬ ಹೈಸ್ಕೂಲ್ ಶಿಕ್ಷಕಿ ನಮ್ಮ ಶಾಲೆಗೆ ಬಂದರು. ದಪ್ಪ ಗಾಜಿನ ಕನ್ನಡಕ, ಗಂಜಿ ಹಾಕಿದ ಬಿಳಿ ಸೀರೆ. ಶಿಕ್ಷಕಿಯರೆಲ್ಲ ಸೇರಿ ಒಂದು ಸಂಘ ಕಟ್ಟಿದ್ದೇವೆ, ಅಧ್ಯಕ್ಷೆ ನಾನೇ, ತಿಂಗಳಿಗೊಂದು ರವಿವಾರ ಗೋಳಗುಮ್ಮಟದ ಹತ್ತಿರ ನಮ್ಮ ಮನೆಯಲ್ಲಿ ಕೂಡುತ್ತೇವೆ, ನೀವೂ ಬರಬೇಕು ಎಂದರು. ನಾನು ನಕ್ಕು ತಲೆಯಾಡಿಸಿದೆ. ಒಳಗೊಳಗೆ ಮಾತ್ರ, ಈ ಬಿಸಿಲಲ್ಲಿ ಬಸ್ಸು ಹತ್ತಿ ನನ್ನಂಥವಳನ್ನು ಹುಡುಕಿಕೊಂಡು ಬರಲು ಇವರಿಗೇನು ಗರಜು ಎಂದು ಯೋಚಿಸುತ್ತಿದ್ದೆ.

ಅಪ್ಪನ ಅನುಮಾನ ನನ್ನದಕ್ಕಿಂತ ದೊಡ್ಡದು. ಜೋಳದ ವ್ಯಾಪಾರಿ. ಯಾವ ಚೀಲ ಕಂಡರೂ ತಳದವರೆಗೆ ಕೈ ಹಾಕಿ ಕಾಳು ತೆಗೆದು ನೋಡದೆ ಬಿಡುವ ಮನುಷ್ಯನಲ್ಲ.

"ಸಂಘ ಅಂದ್ರ ಏನವಾ? ಸಂಪು ಹೂಡ್ತಾರೇನು?"

"ಇಲ್ಲಪ್ಪಾ, ಪಾಠ ಹೆಂಗ ಮಾಡಬೇಕಂತ ಮಾತಾಡ್ತಾರಂತ."

"ಪಾಠ ಮಾಡೂದು ಗೊತ್ತಿಲ್ದನ ನೌಕರಿ ಕೊಟ್ಟಾರೇನು ನಿಮಗ?"

ಅವನು ನನ್ನನ್ನು ನೌಕರಿಗೆ ಬಿಟ್ಟದ್ದೇ ಒಂದು ಷರತ್ತಿನ ಮೇಲೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಮನೆಯಲ್ಲಿರಬೇಕು. ಬೇರೆ ಊರಿಗೆ ವರ್ಗಾವಣೆಯಾದರೆ ಅವತ್ತಿಗೆ ನೌಕರಿ ಮುಗಿಯಿತು. ನನಗೆ ಆ ನೌಕರಿಯ ಮೇಲೆ ಜೀವವಿತ್ತು. ಅದನ್ನು ಬಿಟ್ಟು ಒಲೆಯ ಮುಂದೆ ಕೂತು, ನೋಡಲು ಬರುವ ವರಗಳಿಗೆ ಅವಲಕ್ಕಿ ಹಚ್ಚಿಕೊಡುವುದು ನನಗೆ ಸುತರಾಂ ಬೇಡವಾಗಿತ್ತು.

ಕೊನೆಗೆ, ತಾನೇ ಕರೆದುಕೊಂಡು ಹೋಗಿ ತಾನೇ ಕರೆದುಕೊಂಡು ಬರುವುದಾದರೆ ಅಡ್ಡಿಯಿಲ್ಲ ಎಂದು ಅಪ್ಪ ಒಪ್ಪಿದ. ಹೋಗಿ ನೋಡಿದರೆ ಎಲ್ಲರದೂ ಅದೇ ಕಥೆ. ಒಬ್ಬಳ ಜೊತೆ ಗಂಡ, ಒಬ್ಬಳ ಜೊತೆ ತಮ್ಮ, ಇನ್ನೊಬ್ಬಳ ಜೊತೆ ಮಾವ. ನಾವು ಒಳಗೆ ಜಮಖಾನೆಯ ಮೇಲೆ, ಗಂಡಸರು ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ. ಕಟ್ಟೆ ನಮ್ಮ ಕಿಟಕಿಯ ಕೆಳಗೇ ಇತ್ತು. ಅವರಿಗೂ ಉಪ್ಪಿಟ್ಟು, ಚಹಾ ಹೋಗುತ್ತಿತ್ತು. ಅವರ ಕಡೆ ನಾವ್ಯಾರೂ ಲಕ್ಷ್ಯ ಕೊಡುತ್ತಿರಲಿಲ್ಲ. ಚಪ್ಪಲಿಯ ಜೊತೆ ಅವರನ್ನೂ ಹೊರಗೇ ಬಿಟ್ಟು ಬಂದಂತೆ ಹಾಯಾಗಿ ಕೂರುತ್ತಿದ್ದೆವು.

ಅಧ್ಯಕ್ಷೆ ಪ್ರತಿಯೊಬ್ಬರನ್ನೂ ಕೇಳುತ್ತಿದ್ದರು. "ನಿಮ್ಮ ಸಾಲ್ಯಾಗ ಏನರೆ ತ್ರಾಸ ಐತೇನ್ರಿ? ಅಂಜಬ್ಯಾಡ್ರಿ, ಹೇಳ್ರಿ." ಮೊದಲು ತಿನ್ನಿಸುವುದು, ಆಮೇಲೆ ಕೇಳುವುದು! ಹೊಟ್ಟೆಯಲ್ಲಿರುವುದನ್ನು ಹೊರಗೆ ತೆಗೆಯುವ ಉಪಾಯವಿದು ಎಂದು ಎರಡು ಸಭೆ ನಾನು ಬಾಯಿ ಬಿಡಲಿಲ್ಲ. ಮೂರನೆಯದರಲ್ಲಿ ತಡೆಯಲಾಗಲಿಲ್ಲ. ನಮ್ಮ ಶಾಲೆಗೆ ತಪಾಸಣೆಗೆ ಸಾಹೇಬರು ಬರುವ ದಿನ ಹೆಡ್ ಮಾಸ್ತರರು ನಮ್ಮನ್ನು ತರಗತಿಯಿಂದ ಎಬ್ಬಿಸಿ ಹೋಳಿಗೆ ಮಾಡಲು ಕೂರಿಸುತ್ತಿದ್ದರು. ಹುಡುಗಿಯರು ಪಾಟಿ ಹಿಡಿದುಕೊಂಡು ಸುಮ್ಮನೆ ಕೂತಿರುತ್ತಿದ್ದರು. ಅದನ್ನೆಲ್ಲ ಹೇಳಿ, ದನಿ ಏರಿಸಿ ಅಂದುಬಿಟ್ಟೆ: "ಈ ಸಲ ನಾ ಹೋಳಿಗಿ ಮಾಡೂದಿಲ್ರಿ. ಸಾಹೇಬರು ಬಂದ್ರ ನನ್ನ ಪಾಠ ನೋಡ್ಲಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಗಿಲ ಬಳಿ ಕೂತು ಕ್ರೋಶಾ ಹೆಣೆಯುತ್ತಿದ್ದ ಬಬಲೇಶ್ವರದ ಶಿಕ್ಷಕಿಯೊಬ್ಬಳು ಮಾತ್ರ ತಟ್ಟಲಿಲ್ಲ. ತಲೆಯನ್ನೂ ಎತ್ತಲಿಲ್ಲ.

ವಾರ ಕಳೆದಿತ್ತೋ ಇಲ್ಲವೋ, ಹೆಡ್ ಮಾಸ್ತರರು ನನ್ನನ್ನು ತಡೆದು ನಿಲ್ಲಿಸಿದರು. ಮುಖದ ತುಂಬ ನಗು.

"ಹೋಳಿಗಿ ಮಾಡೂದಿಲ್ಲಂತಲ್ರಿ ಅಕ್ಕೋರ? ಇರ್ಲಿ ಬಿಡ್ರಿ. ನಮ್ಮ ತಿಕೋಟಾ ಬಿಟ್ಟು ಬ್ಯಾರೆ ಊರು ಭಾಳ ಅದಾವ."

ಅದು ವರ್ಗಾವಣೆಯ ಬೆದರಿಕೆ. ಹೋಳಿಗೆಯ ಮಾತು ನಾನು ಆಡಿದ್ದು ವಿಜಾಪುರದಲ್ಲಿ, ಮುಚ್ಚಿದ ಬಾಗಿಲ ಒಳಗೆ, ಹೆಂಗಸರ ಮುಂದೆ. ಚಾಡಿ ಹೇಳಿದವಳು ಅವರಲ್ಲೇ ಒಬ್ಬಳು. ಹೆಡ್ ಮಾಸ್ತರರ ಹೆಂಡತಿಯ ತವರು ಬಬಲೇಶ್ವರ; ಕ್ರೋಶಾದವಳ ಊರೂ ಬಬಲೇಶ್ವರ. ನನಗೆ ಇನ್ನೇನು ಬೇಕಿತ್ತು? ಮುಂದಿನ ಸಭೆಗೆ ಹೋಗುವಾಗ ಅದೇ ಬಸ್ಸಿನಲ್ಲಿದ್ದ ಹೊನವಾಡದ ಶಿಕ್ಷಕಿಯ ಕಿವಿಯಲ್ಲಿ ಇದನ್ನು ಊದಿದೆ. ಆಕೆ ತನ್ನ ಅನುಮಾನ ಅಧ್ಯಕ್ಷೆಯ ಮೇಲೆಯೇ ಎಂದಳು. ಇಳಿದ ಮೇಲೆ ಇನ್ನೊಬ್ಬಳು ನನ್ನನ್ನು ಬದಿಗೆ ಕರೆದು, ಹೊನವಾಡದವಳ ಮುಂದೆ ಹುಷಾರಾಗಿರು ಎಂದಳು. ನನ್ನ ಬಗ್ಗೆಯೂ ಯಾರೋ ಯಾರಿಗೋ ಅಂದಿರಲೇಬೇಕು.

ಹೀಗಾಗಿ ಅವತ್ತು ಜಮಖಾನೆಯ ಮೇಲೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

"ಯಾರರೆ ಮಾತಾಡ್ರಿ," ಎಂದರು ಅಧ್ಯಕ್ಷೆ.

ಒಬ್ಬಳು ಚಳಿ ಜಾಸ್ತಿಯಾಗಿದೆ ಎಂದಳು. ಇನ್ನೊಬ್ಬಳು ಹೌದು ಎಂದಳು. ನಾವು ಸುಮ್ಮನಾದದ್ದಕ್ಕೇ ಇರಬೇಕು, ಕಿಟಕಿಯ ಕೆಳಗಿನ ಮಾತು ಮೊದಲ ಸಲ ನಮಗೆ ಕೇಳಿಸಿತು. ಅದು ನನ್ನ ಅಪ್ಪನ ದನಿ.

"ನನ್ನ ಮಗಳು ಅಂದ್ರ ಏನಂತ ತಿಳ್ಕೊಂಡೀರಿ? ಹೋಳಿಗಿ ಮಾಡೂದಿಲ್ಲ, ನನ್ನ ಪಾಠ ನೋಡ್ಲಿ ಅಂದಾಳ! ಇದ ಕಟ್ಟಿ ಮ್ಯಾಲ ಕುಂತು ನಾನ ಕೇಳೇನಿ. ಆ ಹೆಡ್ ಮಾಸ್ತರ ಸಂತ್ಯಾಗ ಸಿಕ್ಕಿದ್ದ. ಅವಗೂ ಎದಿ ತಟ್ಟಿ ಹೇಳಿ ಬಂದೇನಿ!"

ಕ್ರೋಶಾದವಳು ಆಗ ತಲೆ ಎತ್ತಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ನಕ್ಕರು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಕೆಂಡದಂಥ ಸಿಟ್ಟೂ ಬಂತು. ಆ ಸಿಟ್ಟಿನ ಅಡಿಯಲ್ಲಿ, ಸುಳ್ಳೇಕೆ ಹೇಳಲಿ, ಖುಷಿಯೂ ಆಯಿತು. ಹುಟ್ಟಿದಾಗಿನಿಂದ ಅಪ್ಪ ನನ್ನೆದುರಿಗೆ ಒಂದು ಒಳ್ಳೆಯ ಮಾತು ಆಡಿದವನಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ, "ನಿನ್ನ ಮಾತು ಒಳಗ ಕೇಳಿಸ್ತಪ್ಪಾ," ಎಂದೆ.

ಅಪ್ಪ ಹೊಲಗಳ ಕಡೆ ಮುಖ ತಿರುಗಿಸಿದ. "ಛಲೋ ಮಾತು ಆಡಿದ್ದಿ. ಹೊಟ್ಟ್ಯಾಗ ಇಟ್ಕೊಳ್ಳಾಕ ಆಗ್ಲಿಲ್ಲ ನೋಡು," ಎಂದ.

ಸಂತೆಯಲ್ಲಿ ಸಾರಿದ ಮೇಲೆ ಹಿಂದೆ ಸರಿಯುವುದೆಲ್ಲಿ? ತಪಾಸಣೆಯ ದಿನ ನಾನು ತರಗತಿ ಬಿಟ್ಟು ಏಳಲಿಲ್ಲ. ಸಾಹೇಬರು ಬಾಗಿಲಲ್ಲೇ ನಿಂತು ಒಂದು ಮಗ್ಗಿ ಹೇಳಿಸಿ ಊಟಕ್ಕೆ ಹೋದರು. ಕೆಲವೇ ದಿನಗಳಲ್ಲಿ ನನ್ನ ವರ್ಗಾವಣೆಯ ಆದೇಶ ಬಂತು, ಬಬಲೇಶ್ವರಕ್ಕೆ. ಅಲ್ಲಿಂದ ಶಾಲೆ ಮುಗಿಸಿ, ವಿಜಾಪುರದಲ್ಲಿ ಬಸ್ಸು ಬದಲಿಸಿ, ದೀಪ ಹಚ್ಚುವ ಹೊತ್ತಿಗೆ ತಿಕೋಟಾ ಮುಟ್ಟುವುದು ಆಗದ ಮಾತು.

"ಸಾಕ್ಮಾಡವಾ ಇನ್ನ," ಎಂದಳು ಅವ್ವ. ಊರೆಲ್ಲ ಮಾತಾಡುವ ಅಪ್ಪ ಮನೆಯಲ್ಲಿ ಮೂಕನಾಗಿದ್ದ. ನಾನು ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತೆ.

ಆ ರವಿವಾರ ಅಧ್ಯಕ್ಷೆ ನಮ್ಮ ಮನೆಗೇ ಬಂದರು. ಜೊತೆಗೆ ಕ್ರೋಶಾದವಳು.

"ನಮ್ಮನ್ಯಾಗ ಒಂದು ಖೋಲಿ ಖಾಲಿ ಐತ್ರಿ," ಎಂದಳು ಆಕೆ. "ನಾನು, ನಮ್ಮತ್ತಿ, ಇಬ್ಬರ ಇರ್ತೀವಿ. ಮನಿಯವರು ಸೊಲ್ಲಾಪುರದ ಗಿರಣ್ಯಾಗ ಅದಾರ."

ನನ್ನ ಅನುಮಾನದ ರೋಗ ಎಲ್ಲಿ ಹೋಗಬೇಕು? "ನೀವು ಅವತ್ತ ಚಪ್ಪಾಳಿ ಸುದ್ದಾ ಹೊಡೀಲಿಲ್ಲ," ಎಂದೆ.

"ಕೈಯಾಗ ಸೂಜಿ ಇತ್ತಲ್ರಿ," ಎಂದಳು. "ನಮ್ಮ ಸಾಲ್ಯಾಗೂ ಹೋಳಿಗಿ ಮಾಡೀ ಮಾಡೀ ಸಾಕಾಗೇತಿ ನನಗ. ನೀವು ಬಂದ್ರ ಇಬ್ಬರಾಗ್ತೀವಿ."

ಅಪ್ಪ ಚೀಲದ ತಳಕ್ಕೆ ಕೈ ಹಾಕಿದ. ಬಾಗಿಲು ಗಟ್ಟಿ ಇದೆಯೇ, ನೀರು ಎಷ್ಟು ದೂರ, ಓಣಿಯ ಜನ ಎಂಥವರು, ಎಲ್ಲ ಕೇಳಿದ. ಆಕೆ ಎಲ್ಲದಕ್ಕೂ ಉತ್ತರ ಕೊಟ್ಟಳು. ಕೊನೆಗೆ ಅಪ್ಪ ನೆಲ ನೋಡುತ್ತ ಕೇಳಿದ.

"ಕಿಟಕಿ ಕೆಳಗ ಕಟ್ಟಿ ಐತೇನ್ರಿ?"

"ಇಲ್ರಿ."

"ಹಂಗಾರ ಹೋಗ್ಲಿ."

ಹೋಗುವ ದಿನ ವಿಜಾಪುರದ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ನನ್ನ ಟ್ರಂಕನ್ನು ಬಬಲೇಶ್ವರದ ಬಸ್ಸಿನ ಮೇಲೆ ಹಾಕಿಸಿದ. ನನ್ನನ್ನು ಕಿಟಕಿಯ ಬಳಿ ಕೂರಿಸಿ ಕೆಳಗಿಳಿದ. ತಾನು ಹತ್ತಲೇ ಇಲ್ಲ.

"ನೀ ಬರೂದಿಲ್ಲೇನಪ್ಪಾ?"

"ಇಲ್ಲವಾ. ನಾ ಬಂದ್ರ ಅಲ್ಲೂ ಮಾತಾಡಿ ಕೆಡಿಸ್ತೀನಿ."

ನಾನು ಏನಾದರೂ ಹೇಳುವಷ್ಟರಲ್ಲಿ ಬಸ್ಸು ಹೊರಟಿತು. ಕತ್ತು ಹೊರಳಿಸಿ ನೋಡಿದೆ. ಅಪ್ಪ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ. ಆಮೇಲೆ ಪಕ್ಕದಲ್ಲಿ ನಿಂತಿದ್ದ, ಗುರುತು ಪರಿಚಯವಿಲ್ಲದ ಯಾವನೋ ಒಬ್ಬನ ಹೆಗಲ ಮೇಲೆ ಕೈಯಿಟ್ಟು, ನನ್ನ ಬಸ್ಸಿನತ್ತ ತೋರಿಸಿ ಹೇಳಲು ಶುರು ಮಾಡಿದ.