ಏಕಾದಶಿಯ ದಿನ ಭೇದಿ ಉಪ್ಪು

ಆ ಭಾನುವಾರ ಬೆಳಿಗ್ಗೆ ಹೊಳೆನರಸೀಪುರದ ಮಾವನ ಮನೆಯ ಪಡಸಾಲೆಯಲ್ಲಿ ಇದ್ದವರು ನಾಲ್ಕು ಜನ. ಊರಿನ ಭಾರವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡವರಂತೆ ಕಂಬಕ್ಕೊರಗಿ ಕೂತಿದ್ದ ನನ್ನ ಸೋದರಮಾವ, ನಿವೃತ್ತ ಹೆಡ್‌ಮಾಸ್ಟರ್ ಶ್ರೀನಿವಾಸಮೂರ್ತಿಗಳು, ಅಂದರೆ ನಮ್ಮ ಸೀನಮಾವ. ಅಡಿಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ ಅವರ ಹೆಂಡತಿ ಸಾವಿತ್ರತ್ತೆ. ಹಳೇಕೋಟೆಯಲ್ಲಿ ಗದ್ದೆ ತೋಟ ಎಲ್ಲ ಜೋರಾಗಿಯೇ ಇಟ್ಟುಕೊಂಡಿದ್ದ, ಮಾವನ ಬಾಲ್ಯದ ಗೆಳೆಯರಾದ ಪುಟ್ಟೇಗೌಡರು. ನಾಲ್ಕನೆಯವಳು ನಾನು. ಚನ್ನರಾಯಪಟ್ಟಣದಲ್ಲಿ ಟೀಚರಾಗಿದ್ದವಳು, ರಜೆಯ ದಿನ ಅತ್ತೆಯ ಕೈಯಡಿಗೆ ಉಣ್ಣೋಣವೆಂದು ಬಸ್ಸು ಹತ್ತಿ ಬಂದು, ಬಂದ ಮೇಲೆ ಆ ದಿನ ಏಕಾದಶಿ ಎಂದು ತಿಳಿದು ಪೆಚ್ಚಾಗಿ ಕೂತಿದ್ದೆ.

ಪುಟ್ಟೇಗೌಡರ ಕೈಯಲ್ಲಿ ಒಂದು ಪೊಟ್ಟಣವಿತ್ತು. ಆ ದಿನದ ಕಥೆಯೆಲ್ಲ ಇದ್ದದ್ದು ಅದರೊಳಗೆ.

ನಮ್ಮ ಹಾಸನ ಸೀಮೆಯ ಜನ ಮಾತಿಗೇನೂ ಕಡಿಮೆಯವರಲ್ಲ. ಆಲೂಗೆಡ್ಡೆಯ ಧಾರಣೆ, ತೆಂಗಿಗೆ ಬಂದ ನುಸಿ, ಪಕ್ಕದ ಮನೆಯ ಸೊಸೆ ಎಷ್ಟು ಹೊತ್ತಿಗೆ ಏಳುತ್ತಾಳೆ ಎಂಬುದು, ಎಲ್ಲವನ್ನೂ ಬಸ್‌ಸ್ಟ್ಯಾಂಡಿನಲ್ಲಿ ಅಪರಿಚಿತರ ಹೆಗಲ ಮೇಲೆ ಕೈಯಿಟ್ಟು ಚರ್ಚಿಸುತ್ತೇವೆ. ಆದರೆ ಒಂದು ವಿಷಯ ಬಂದಾಗ ಮಾತ್ರ ದನಿ ತಗ್ಗುತ್ತದೆ. ಮಲಬದ್ಧತೆ ಎಂಬ ಗಂಭೀರವಾದ ಪದ ಪಠ್ಯಪುಸ್ತಕದಲ್ಲಿದೆ. ಯಾರ ಬಾಯಲ್ಲೂ ಇಲ್ಲ. "ಹೊರಗೆ ಸರಿಯಾಗಿ ಆಗ್ತಿಲ್ಲ" ಎಂದು ಪಿಸುಗುಟ್ಟುತ್ತೇವೆ, ಒಳಗಿರುವುದೆಲ್ಲ ಬಹಳ ಸರಿಯಾಗಿದೆ ಎಂಬಂತೆ. ಸೀನಮಾವ ಮಾತ್ರ ಈ ಸಂಕೋಚದಿಂದ ಮುಕ್ತರು. ಅವರ ಹೊಟ್ಟೆಯ ಸಮಾಚಾರ ರೇಡಿಯೋದ ಪ್ರದೇಶ ಸಮಾಚಾರಕ್ಕಿಂತ ಮೊದಲೇ ಬೀದಿಗೆಲ್ಲ ಪ್ರಸಾರವಾಗುತ್ತಿತ್ತು.

ಆ ವಾರದ ಮುಖ್ಯಾಂಶ ಹೀಗಿತ್ತು: ಹಾಸನದ ಛತ್ರದಲ್ಲಿ ಒಂದು ಮದುವೆ; ಅದರಲ್ಲಿ ಚಿರೋಟಿ; ಚಿರೋಟಿಯ ಮೇಲೆ ಬಾದಾಮಿ ಹಾಲು; ಬಡಿಸುವವರು ಪರಿಚಿತರು. ಅಂದಿನಿಂದ ಮಾವನ ಹೊಟ್ಟೆ ಮುಷ್ಕರ ಹೂಡಿತ್ತು. ಸುದ್ದಿ ಹರಡಿದಂತೆ ನಾಲ್ಕೂ ದಿಕ್ಕಿನಿಂದ ಸಲಹೆಗಳು ಬಂದವು. ಅರಕಲಗೂಡಿನ ಷಡ್ಡಕರು ಹರಳೆಣ್ಣೆಯೇ ಸೈ ಎಂದರು. ಹಾಸನದ ಬೀಗರು ಇಸಬ್‌ಗೋಲ್ ಎಂಬ ನಾಗರಿಕ ಪದಾರ್ಥವನ್ನು ಸೂಚಿಸಿದರು. ಚನ್ನರಾಯಪಟ್ಟಣದ ಪರವಾಗಿ ನಾನು, ನೀರು ಜಾಸ್ತಿ ಕುಡಿಯಿರಿ, ಸೊಪ್ಪು ತಿನ್ನಿ, ಹೊಳೆಯ ತನಕ ಒಂದಿಷ್ಟು ನಡೆಯಿರಿ ಎಂದೆ. ಮಾವ ನನ್ನನ್ನು ಎರಡನೆಯ ಬೆಂಚಿನ ದಡ್ಡ ಹುಡುಗಿಯನ್ನು ನೋಡುವಂತೆ ನೋಡಿದರು. "ಸೊಪ್ಪು ತಿನ್ನೋಕೆ ನಾನೇನು ಮೇಕೆಯೇನೇ?"

ನೋಡಿ, ಸದ್ದಿಲ್ಲದೆ ಕೆಲಸ ಮಾಡುವ ಮದ್ದಿಗೆ ನಮ್ಮಲ್ಲಿ ಮರ್ಯಾದೆಯಿಲ್ಲ. ಮದ್ದೆಂದರೆ ಕಹಿಯಾಗಿರಬೇಕು, ಕುಡಿದವರು ಮುಖ ಹಿಂಡಬೇಕು, ನೋಡಿದವರು ಅಯ್ಯೋ ಎನ್ನಬೇಕು. ನಮ್ಮಜ್ಜಿ ರಜೆಯಲ್ಲಿ ಮೊಮ್ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ಮೂಗು ಹಿಡಿದು ಹರಳೆಣ್ಣೆ ಹೊಯ್ಯುತ್ತಿದ್ದಳು. ಯಾರ ಹೊಟ್ಟೆ ಹೇಗಿದೆ ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ನಮ್ಮ ಆಯುರ್ವೇದ ಬಲ್ಲವರೇನೋ, ಬಂದ ವೇಗವನ್ನು ತಡೆಯಬೇಡ, ಬಾರದ್ದನ್ನು ಬಲವಂತವಾಗಿ ಎಬ್ಬಿಸಬೇಡ ಎಂದು ಬಹಳ ಹಿಂದೆಯೇ ಹೇಳಿಟ್ಟಿದ್ದಾರೆ. ಆದರೆ ಅವರು ಮದುವೆಯೂಟ ಮುಗಿಸಿ, ಬಂದ ವೇಗವನ್ನು ಅದುಮಿಕೊಂಡು ಕೆಎಸ್ಸಾರ್ಟಿಸಿ ಬಸ್ಸಿನ ಕಿಟಕಿ ಸೀಟಿನಲ್ಲಿ ಕೂತು ಹಾಸನದಿಂದ ಹೊಳೆನರಸೀಪುರಕ್ಕೆ ಬಂದವರಲ್ಲ.

ಈಗ ಪೊಟ್ಟಣದ ವಿಷಯಕ್ಕೆ ಬರೋಣ.

"ಓದ್ ತಿಂಗ್ಳು ನಮ್ ಓರಿ ಒಟ್ಟೆ ಊದುಸ್ಕಂಡು ಮನೀಕಬುಟ್ಟಿತ್ತು ಮೇಷ್ಟ್ರೆ," ಎಂದು ಪುಟ್ಟೇಗೌಡರು ಶುರುಮಾಡಿದರು. "ಮೇವ್ ಮುಟ್ನಿಲ್ಲ. ಇದೇ ಭೇದಿ ಉಪ್ಪ ಬಿದ್ರು ಗೊಟ್ಟದಲ್ಲಿ ಬಾಯ್ಗೆ ಉಯ್ದೆ ನೋಡಿ, ಬೈಗಾಗೋದ್ರೊಳ್ಗೆ ಎದ್ದು ಕೊಟ್ಗೆ ತುಂಬಾ ಕುಣ್ದಾಡ್ತು ಕಣ್ರೀ!"

"ಹೋರಿಗೆ ಕೊಟ್ಟಿದ್ದನ್ನ ಇವರಿಗೆ ಕೊಡೋದೇ ಗೌಡರೆ?" ಎಂದರು ಅತ್ತೆ.

"ಒಟ್ಟೆ ಒಟ್ಟೇನೆಯಾ ಕಣವ್ವ. ದೇವ್ರು ಇಬ್ರಿಗೂ ಒಂದೇ ಥರ ಕೊಳ್ವೆ ಮಡಗವ್ನೆ."

ದನದ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ ಎಂದು ವರ್ಷವರ್ಷವೂ ಪಾಠ ಮಾಡುವ ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಪೊಟ್ಟಣ ಬಿಚ್ಚಿ ಮೂಸಿ ನೋಡಿಯಾಗಿತ್ತು. ಬಿಳಿಯ ಹರಳು, ವಾಸನೆಯಿಲ್ಲ. ಮೆಡಿಕಲ್ ಶಾಪಿನಲ್ಲಿ ಇದೇ ಉಪ್ಪನ್ನು ಮನುಷ್ಯರಿಗೆಂದೇ ಶುದ್ಧಮಾಡಿ, ಎಷ್ಟು ಕದಡಬೇಕು, ಎಷ್ಟು ನೀರು ಕುಡಿಯಬೇಕು ಎಂದು ಅಚ್ಚು ಹಾಕಿಸಿ ಮಾರುತ್ತಾರೆ. ಗೌಡರ ಪೊಟ್ಟಣ ಪಶು ಆಹಾರದ ಅಂಗಡಿಯದು. ಅದರ ಮೇಲೆ ಅಚ್ಚಾಗಿದ್ದದ್ದು ಹಳೇ ನ್ಯೂಸ್‌ಪೇಪರಿನ ಸಿನಿಮಾ ಜಾಹೀರಾತು.

ಅಷ್ಟಕ್ಕೇ ನಿಂತಿದ್ದರೆ ಮಾವ ಹೋರಿಯ ಸಮಕ್ಕೆ ನಿಂತಿರುತ್ತಿದ್ದರು. ಅವರು ಇನ್ನೂ ಒಂದು ಹೆಜ್ಜೆ ಮುಂದಿನವರು, ಶಾಸ್ತ್ರ ಬಲ್ಲವರು.

ನಮ್ಮ ಪೈಕಿ ಬಹಳ ಜನರ ಏಕಾದಶಿ ಹೇಗಿರುತ್ತದೆಂದು ನಿಮಗೆ ಗೊತ್ತಿಲ್ಲದ್ದಲ್ಲ. ಅನ್ನ ಬಿಟ್ಟಿದ್ದೇವೆಂದು ಹೇಳಿ ಅವಲಕ್ಕಿ, ಅದರ ಮೇಲೆ ಹಾಲು, ಬಾಳೆಹಣ್ಣು, ಮಧ್ಯಾಹ್ನಕ್ಕೆ ಉಪ್ಪಿಟ್ಟು ಎಂದು ಉಪವಾಸವನ್ನು ಹಬ್ಬಕ್ಕಿಂತ ದಪ್ಪ ಮಾಡಿರುತ್ತೇವೆ. ಮಾವನದು ಹಾಗಲ್ಲ. ನಿರ್ಜಲ. ಬೆಳಗಿನಿಂದ ಮರುದಿನದ ಪಾರಣೆಯವರೆಗೆ ತೊಟ್ಟು ನೀರಿಲ್ಲ. ತಾಯಿಗೆ ಕೊಟ್ಟ ಮಾತು. ಆಕೆ ಹೋದಮೇಲೆ ಒಂದು ಏಕಾದಶಿಯೂ ತಪ್ಪಿರಲಿಲ್ಲ. ಜೊತೆಗೆ ಅತ್ತೆಯೂ ನಿರ್ಜಲ. ಆಕೆಯನ್ನು ಯಾರೂ ಕೇಳಿರಲಿಲ್ಲ, ಆಕೆಯೂ ಹೇಳಿರಲಿಲ್ಲ. ಏಕಾದಶಿಯ ಸಂಜೆ ಆಕೆಗೆ ಬರುತ್ತಿದ್ದ ತಲೆನೋವನ್ನು ಮನೆಯವರೆಲ್ಲ ಪಂಚಾಂಗದಲ್ಲೇ ಬರೆದಿದೆ ಎಂದುಕೊಂಡಿದ್ದರು. ಜಗಲಿಯ ಮೇಲೆ ಕೂತು ಧರ್ಮಸೂಕ್ಷ್ಮ ವಿವರಿಸುವಾಗ ಮಾವ ತಪ್ಪದೆ ಹೇಳುತ್ತಿದ್ದ ಮಾತೊಂದಿತ್ತು: ಗಂಡನ ಪುಣ್ಯದಲ್ಲಿ ಹೆಂಡತಿಗೆ ಅರ್ಧ, ಹೆಂಡತಿಯ ಪಾಪದಲ್ಲಿ ಗಂಡನಿಗೆ ಅರ್ಧ. ಈ ವ್ಯವಹಾರದಲ್ಲಿ ತಮಗೇ ನಷ್ಟ ಎಂಬಂತೆ ಆಗ ಒಂದು ನಿಟ್ಟುಸಿರನ್ನೂ ಬಿಡುತ್ತಿದ್ದರು.

"ಇವತ್ತೇ ಪ್ರಶಸ್ತ," ಎಂದರು ಮಾವ. "ಹೇಗೂ ಹೊಟ್ಟೆ ಖಾಲಿ. ಉಪವಾಸದ ದಿನ ಒಳಗೆಲ್ಲ ಶುದ್ಧಿಯಾದರೆ ದೇವರೂ ಬೇಡ ಅನ್ನೋದಿಲ್ಲ."

"ನಾಳೆ ಪಾರಣೆ ಆದ್ಮೇಲೆ ತಗೊಂಡ್ರೆ ಆಗ್ದೇ?" ಎಂದರು ಅತ್ತೆ.

"ಔಷಧಿ ಆಹಾರ ಅಲ್ಲ ಕಣೇ."

"ನೀರು?"

ಮಾವ ಕಣ್ಣು ಮುಚ್ಚಿ ಯೋಚಿಸಿದರು. ಔಷಧಿಗೆ ದೋಷವಿಲ್ಲ, ನೀರಿಗೆ ದೋಷವಿದೆ. ಆದ್ದರಿಂದ ಪಂಚಪಾತ್ರೆಯಿಂದ ಒಂದೇ ಒಂದು ಉದ್ಧರಣೆ ತೀರ್ಥ. ಪೂಜೆಯ ಆ ಪುಟ್ಟ ಚಮಚ ಹಿಡಿಯುವಷ್ಟು ನೀರಿನಲ್ಲಿ ಹೋರಿಯ ಉಪ್ಪನ್ನು ಕಲಸಿ, ಚಟ್ನಿಯ ಹದಕ್ಕೆ ತಂದು, ಧನ್ವಂತರಿಯನ್ನು ನೆನೆದು ನುಂಗಿದರು. ಮುಖ ಹಿಂಡಿದ್ದು ನೋಡಿ ಗೌಡರು ಮೆಚ್ಚಿ ತಲೆದೂಗಿದರು. ಜೊತೆಗೆ ಮಾವ ತಮ್ಮ ಬೀಪಿ ಮಾತ್ರೆಯನ್ನೂ ಹಾಗೇ ಒಣಗಂಟಲಲ್ಲಿ ಇಳಿಸಿದರು. ಮೈಯ ನೀರನ್ನು ಮೂತ್ರದಲ್ಲಿ ಹೊರಗೆ ಕಳಿಸುವ ಮಾತ್ರೆ ಅದು. ಒಂದು ಸಾಲದೆಂದು ಎರಡು ಪಂಪು ಹಚ್ಚಿದ ಹಾಗಾಯಿತು, ಬಾವಿ ಒಂದೇ ಆದರೂ.

ಸ್ವಲ್ಪ ಹೊತ್ತು ಕಾದರು. ಹೊಟ್ಟೆ ಗುರುಗುಟ್ಟಿತು, ಮತ್ತೇನೂ ಇಲ್ಲ. ಮೇಷ್ಟರ ಕೈಕೆಳಗೆ ಯಾರೂ ತಡಮಾಡುವಂತಿಲ್ಲವಲ್ಲ. ಇನ್ನೊಂದು ಉದ್ಧರಣೆ, ಇನ್ನೊಂದು ಉಂಡೆ ಚಟ್ನಿ.

ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಮುಷ್ಕರ ಬಿಟ್ಟು ನೇರ ಕ್ರಾಂತಿಗಿಳಿಯಿತು. ಮಾವ ಹಿತ್ತಲಿಗೂ ಪಡಸಾಲೆಗೂ ಓಡಾಡುವ ರಭಸ ನೋಡಿ ಗೌಡರಿಗೆ ಪರಮಾನಂದ. "ನೋಡ್ದಾ ಮಗಾ? ಓರಿಗೂ ಇಂಗೇ ಆಗಿದ್ದು!" ಎಂದು ನನಗೆ ಹೇಳಿದರು. ಆಮೇಲಾಮೇಲೆ ಓಡಾಟ ನಡಿಗೆಯಾಯಿತು, ನಡಿಗೆ ತೂರಾಟವಾಯಿತು. ಒಂದು ಸಲ ಹೋದವರು ಬರಲೇ ಇಲ್ಲ. ಹೋಗಿ ನೋಡಿದರೆ ಒಗೆಯುವ ಕಲ್ಲಿನ ಪಕ್ಕ ಕುಸಿದು ಕೂತಿದ್ದರು. ತುಟಿ ಒಣಗಿ ಬಿಳಿಚಿತ್ತು. ನಾನು ಮಾವಾ ಎಂದರೆ ಅವರು ಸತ್ತು ಎಷ್ಟೋ ವರ್ಷವಾಗಿದ್ದ ತಮ್ಮ ತಾಯಿಯನ್ನು ಅಮ್ಮಾ ಎಂದು ಕರೆದರು. ಅದುವರೆಗೆ ನಗುತ್ತಿದ್ದ ನಮಗೆ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಗೌಡರೇ ಎತ್ತಿಕೊಂಡು ಬಂದು ಮಂಚದ ಮೇಲೆ ಮಲಗಿಸಿದರು. ನಾನು ಹಿಂದಿನ ಬೀದಿಯ ಡಾಕ್ಟರಮ್ಮನ ಮನೆಗೆ ಓಡಿದೆ.

ಡಾಕ್ಟರಮ್ಮ ನಾಡಿ ಹಿಡಿದು, ಬೀಪಿ ನೋಡಿ, ಚರ್ಮ ಚಿವುಟಿ, ನಡೆದದ್ದನ್ನೆಲ್ಲ ಕೇಳಿ, ಕೊನೆಗೆ ಪೊಟ್ಟಣವನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಬೈಗುಳ ಹುಡುಕುತ್ತಿದ್ದರೆಂದು ಕಾಣುತ್ತದೆ.

"ಸಾರ್, ಈ ಉಪ್ಪು ಏನನ್ನೂ ತಳ್ಳೋದಿಲ್ಲ. ನಿಮ್ಮ ಮೈಯಲ್ಲಿರೋ ನೀರನ್ನ ಕರುಳಿಗೆ ಎಳ್ಕೊಳುತ್ತೆ, ಅದರಿಂದ ಹೊಟ್ಟೆ ಸಡಿಲ ಆಗೋದು. ದೊಡ್ಡ ಲೋಟದ ತುಂಬಾ ನೀರಲ್ಲಿ ಕದಡಿ ಕುಡೀಬೇಕು, ಆಮೇಲೂ ನೀರು ಕುಡೀತಾನೇ ಇರಬೇಕು. ನೀವು ಒಣ ಬಾವಿಗೆ ಪಂಪ್ ಹಾಕಿದೀರಿ. ಕಿಡ್ನಿ ಹೇಗಿದೆ ಅಂತ ಯಾವತ್ತಾದ್ರೂ ತೋರಿಸಿದೀರಾ?"

ಮಾವ ಇಲ್ಲವೆಂದು ತಲೆಯಾಡಿಸಿದರು.

"ಓರಿಗೆ ಒಂದ್ ಬಿಂದ್ಗೆ ನೀರ್ ಕುಡ್ಸಿದ್ದೆ," ಎಂದರು ಗೌಡರು ಮೂಲೆಯಿಂದ, ಬಹಳ ಸಣ್ಣ ದನಿಯಲ್ಲಿ. "ಏಳಾದು ಮರ್ತೆ ಕಣವ್ವ. ಅದ್ಕೇನು ಏಕಾದ್ಸಿನಾ?"

ಡಾಕ್ಟರಮ್ಮ ಓಆರ್‌ಎಸ್ ಪ್ಯಾಕೆಟ್ ಹರಿದು ತಂಬಿಗೆ ನೀರಿಗೆ ಸುರಿದರು. ಮಾವ ತುಟಿ ಬಿಗಿದುಕೊಂಡರು. "ಇಂಜೆಕ್ಷನ್ ಕೊಡಿ ತಾಯಿ. ಬಾಯಿಗೆ ಬೇಡ."

"ಇಷ್ಟು ನೀರನ್ನ ಇಂಜೆಕ್ಷನ್‌ನಲ್ಲಿ ಕೊಡೋಕಾಗಲ್ಲ ಸಾರ್. ಕುಡೀರಿ, ಕುಡೀತಾ ಕುಡೀತಾ ಆಸ್ಪತ್ರೆಗೆ ಹೋಗೋಣ. ರಕ್ತ ಪರೀಕ್ಷೆ ಆಗಬೇಕು, ಬೇಕಾದ್ರೆ ಡ್ರಿಪ್ ಹಾಕ್ತೀವಿ. ತಡ ಮಾಡಿದ್ರೆ ಬೀಪಿ ಇನ್ನೂ ಬೀಳುತ್ತೆ. ನಾನು ಹೆದರಿಸ್ತಾ ಇಲ್ಲ."

ಅರೆಪ್ರಜ್ಞೆಯಲ್ಲೂ ಮಾವನ ಪಾಂಡಿತ್ಯ ಎಚ್ಚರವಾಗಿತ್ತು. ರಕ್ತನಾಳದಿಂದ ಹೋಗುವ ನೀರು ನಾಲಿಗೆಗೆ ತಾಗದ್ದರಿಂದ ಅದು ಪಾನವಲ್ಲ, ಆದ್ದರಿಂದ ಡ್ರಿಪ್ಪಿಗೆ ದೋಷವಿಲ್ಲ, ತಂಬಿಗೆಗೆ ಮಾತ್ರ ದೋಷ ಎಂದು ತೊದಲತೊದಲುತ್ತಾ ನಿರ್ಣಯ ಕೊಟ್ಟರು. "ಅಮ್ಮನಿಗೆ ಮಾತು ಕೊಟ್ಟಿದೀನಿ," ಎಂದು ಮುಖ ಗೋಡೆಗೆ ತಿರುಗಿಸಿದರು.

ಆಗ ಸಾವಿತ್ರತ್ತೆ ಒಳಗೆ ಹೋಗಿ ದೊಡ್ಡ ಲೋಟದಲ್ಲಿ ನೀರು ತಂದರು. ಮಾವನ ಮುಖದ ಕಡೆಗೆ ಹೋಗಿ ನಿಂತು, ಎತ್ತಿ, ಗಟಗಟನೆ ತಾವೇ ಕುಡಿದರು.

"ಸಾವಿತ್ರೀ! ಏನಿದು?"

"ನೀರು."

"ಇವತ್ತು ಏಕಾದಶಿ ಕಣೇ!"

"ಗೊತ್ತು. ಇಷ್ಟು ವರ್ಷ ನಿಮ್ಮ ಜೊತೆ ನಾನೂ ಗಂಟಲು ಒಣಗಿಸ್ಕೊಂಡು ಕೂತಿದೀನಿ, ನಂಗೆ ಗೊತ್ತಿಲ್ವೆ? ಹೆಂಡತಿ ಪಾಪದಲ್ಲಿ ಗಂಡನಿಗೆ ಅರ್ಧ ಅಂತ ಊರಿಗೆಲ್ಲ ಹೇಳ್ತಿದ್ರಲ್ಲ. ನಾನು ಲೋಟ ಪೂರ್ತಿ ಕುಡಿದೆ. ನಿಮ್ಮ ಏಕಾದಶಿ ಅರ್ಧ ಆಗ್ಲೇ ಹೋಯ್ತು. ಮಿಕ್ಕರ್ಧ ಇಟ್ಕೊಂಡು ಯಾರಿಗೆ ತೋರಿಸ್ತೀರಿ? ನಿಮ್ಮಮ್ಮನಿಗೆ ನಾನು ಹೇಳ್ಕೋತೀನಿ, ಬಾಯಿ ಬಿಡಿ."

ಧರ್ಮಶಾಸ್ತ್ರ ಇದಕ್ಕೇನೆನ್ನುತ್ತಿತ್ತೋ ಏನೋ, ಮಾವ ಬಾಯಿ ಬಿಟ್ಟರು. ಅತ್ತೆ ತಲೆ ಎತ್ತಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿದರು. ಗೌಡರು ಯಾರ ಜೀಪನ್ನೋ ತಂದರು. ಆಸ್ಪತ್ರೆಯಲ್ಲಿ ಮಾವ ರಾತ್ರಿಯೆಲ್ಲ ಡ್ರಿಪ್ಪಿನ ಬಾಟಲಿಯನ್ನು ದೇವರ ಪಟದಂತೆ ನೋಡುತ್ತಾ ಮಲಗಿದ್ದು, ಮರುದಿನ ಎದ್ದು ಕೂತರು. ಕಿಡ್ನಿ ಸದ್ಯ ಸರಿಯಾಗಿತ್ತು. ಇರದಿದ್ದರೆ ಈ ಪ್ರಬಂಧವನ್ನು ನಾನು ನಗುತ್ತಾ ಬರೆಯುತ್ತಿರಲಿಲ್ಲ.

ಅಂದಿನಿಂದ ಭೇದಿ ಉಪ್ಪಿನ ವಿಷಯದಲ್ಲಿ ನಾನು ಊರಿಗೆಲ್ಲ ಉಪದೇಶಕಿ. ಹಾಸನದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಹೊಟ್ಟೆ ಸವರಿಕೊಂಡರೆ ಸಾಕು, ಶಾಂತಿಗ್ರಾಮ ಬರುವುದರೊಳಗೆ ಪಾಠ ಮುಗಿಸಿಬಿಡುತ್ತೇನೆ. ಮೊದಲು ನೀರು, ಸೊಪ್ಪು, ಹಣ್ಣು, ನಡಿಗೆ. ಮೇಕೆಗಳಿಗೆ ಈ ತೊಂದರೆ ಬಂದದ್ದನ್ನು ನಾನಂತೂ ಕಂಡಿಲ್ಲ. ಅದಕ್ಕೂ ಬಗ್ಗದಿದ್ದರೆ ಎಂದೋ ಒಮ್ಮೆ ಉಪ್ಪು ಕುಡಿಯಿರಿ, ಆದರೆ ಔಷಧಿ ಅಂಗಡಿಯದು, ಅದರ ಮೇಲೆ ಬರೆದಷ್ಟೇ, ಲೋಟ ತುಂಬಾ ನೀರಿನ ಜೊತೆ. ಅರ್ಧ ಗಂಟೆಗೂ ಆಗಬಹುದು, ಆರು ಗಂಟೆಯೂ ಹಿಡಿಯಬಹುದು. ಅದು ಮೇಷ್ಟರ ಮಾತು ಕೇಳುವುದಿಲ್ಲ, ಬಸ್ಸಿನ ಟೈಮೂ ನೋಡುವುದಿಲ್ಲ, ಆದ್ದರಿಂದ ತಡವಾಯಿತೆಂದು ಇನ್ನೊಂದು ಸಲ ನುಂಗಬೇಡಿ, ಕುಡಿದು ಚನ್ನರಾಯಪಟ್ಟಣದ ಬಸ್ಸನ್ನೂ ಹತ್ತಬೇಡಿ. ಬೇರೆ ಮಾತ್ರೆಗಳಿಗೂ ಇದಕ್ಕೂ ಒಂದೆರಡು ಗಂಟೆ ಅಂತರವಿರಲಿ. ವಯಸ್ಸಾದವರು, ಬಸುರಿಯರು, ಕಿಡ್ನಿ, ಹೃದಯದ ತೊಂದರೆಯವರು, ಬೀಪಿ ಮಾತ್ರೆಯವರು ಡಾಕ್ಟರನ್ನು ಕೇಳದೆ ಮುಟ್ಟಲೇ ಬಾರದು. ಹೊಟ್ಟೆ ನೋವು, ವಾಂತಿ, ರಕ್ತ ಕಂಡರಂತೂ ಉಪ್ಪಿನ ಡಬ್ಬಿ ಮುಚ್ಚಿ ಆಸ್ಪತ್ರೆಗೆ ಹೊರಡಿ. ವಾರ ಕಳೆದರೂ ಅದೇ ಗೋಳಾದರೆ ಕೇಳಬೇಕಾದ್ದು ಡಾಕ್ಟರನ್ನು, ಹೋರಿ ಸಾಕಿದವರನ್ನಲ್ಲ. ಇಷ್ಟು ಹೇಳುವಷ್ಟರಲ್ಲಿ ಪಕ್ಕದವರು ಸೀಟು ಬದಲಾಯಿಸಿರುತ್ತಾರೆ. ಹೋಗಲಿ, ಕಿಟಕಿ ನನಗೇ ಸಿಗುತ್ತದೆ.

ಮುಂದಿನ ಏಕಾದಶಿಗೂ ನಾನು ಹೊಳೆನರಸೀಪುರದಲ್ಲೇ ಇದ್ದೆ. ಈ ಸಲ ಪಂಚಾಂಗ ನೋಡಿಕೊಂಡೇ ಹೋಗಿದ್ದೆ. ಪೂಜೆ ಮುಗಿಸಿದ ಸೀನಮಾವ ತಾವೇ ಬಾವಿಯಿಂದ ಒಂದು ತಂಬಿಗೆ ನೀರು ತಂದು, ಅಡಿಗೆಮನೆಯ ಹೊಸಿಲ ಬಳಿ ನಿಂತು, ಸಾವಿತ್ರತ್ತೆಯ ಕೈಗೆ ಕೊಟ್ಟರು. ಅತ್ತೆ ಅರ್ಧ ಕುಡಿದರು. ಉಳಿದ ಅರ್ಧವನ್ನು ಮಾವ ಕುಡಿದರು.