ತುಟಿ ಬಿಗಿದುಕೊಂಡ ಮೊಮ್ಮಗಳು

ಸ್ಟೀಲ್ ಬಟ್ಟಲಿಗೆ ಚಮಚ ತಾಗುವ ‘ಟಿಣ್’ ಸದ್ದು. ಎರಡು ವರ್ಷದ ಹಿಂದೆ, ಜಯನಗರದ ನಮ್ಮ ಮನೆಯಲ್ಲಿ ಅದು ಕೇಳಿದ ಕೂಡಲೇ ಎಂಟು ತಿಂಗಳ ಮೊಮ್ಮಗಳು ಅದಿತಿ ತುಟಿ ಬಿಗಿದುಕೊಂಡು ಮುಖ ತಿರುಗಿಸುತ್ತಿದ್ದಳು. ರಾಗಿ ಸರಿ, ಕ್ಯಾರೆಟ್ ಪ್ಯೂರಿ, ಮೆತ್ತಗೆ ಕಿವುಚಿದ ಅನ್ನ, ಯಾವುದೂ ಒಳಗೆ ಹೋಗುತ್ತಿರಲಿಲ್ಲ. ಬರೀ ಹಾಲು. ತೂಕ ಏರುವುದು ನಿಂತೇಹೋಗಿತ್ತು. ಇನ್ನು ಹದಿನೈದು ದಿನ ನೋಡಿ ಟೆಸ್ಟ್ ಮಾಡಿಸೋಣ ಎಂದಿದ್ದರು ಡಾಕ್ಟರು. ಮಗಳು ಆಫೀಸಿಗೆ ಹೋದ ಮೇಲೆ ಮಗು ನನ್ನದೇ ಜವಾಬ್ದಾರಿ. ಹಾಗಾಗಿ ತಪ್ಪೂ ನನ್ನದೇ ಅನ್ನಿಸುತ್ತಿತ್ತು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಊಟಕ್ಕೆ ಟೈಮ್ ಅಂದರೆ ಟೈಮ್, ಕುತ್ತಿಗೆಗೆ ಬಿಬ್. ಮಗು ಬಟ್ಟಲಿಗೆ ಕೈ ಹಾಕಿದರೆ ಬ್ಯಾಡ್ ಮ್ಯಾನರ್ಸ್ ಎಂದು ಒರೆಸಿಬಿಡುತ್ತಿದ್ದೆ. ಅವಳನ್ನು ಮಲಗಿಸಿ, ಆಮೇಲೆ ಅಡುಗೆಮನೆಯಲ್ಲಿ ನಿಂತೇ ಒಂದಿಷ್ಟು ಉಣ್ಣುತ್ತಿದ್ದೆ.

ಮಹಡಿಯಲ್ಲಿ ಬಾಡಿಗೆಗಿದ್ದ ಮಹಾದೇವಿ ಬಾಗಲಕೋಟೆ ಕಡೆಯ ಹುಡುಗಿ. ರಜೆಯಿದ್ದ ಒಂದು ಮಧ್ಯಾಹ್ನ ಮಗುವಿನ ಅಳು ಕೇಳಿ, ಊಟದ ತಟ್ಟೆ ಹಿಡಿದುಕೊಂಡೇ ಕೆಳಗೆ ಬಂದಳು.

“ಅಮ್ಮಾರ, ಆಕಿಗಿ ಉಣಸಾಕ ಹೋಗಬ್ಯಾಡ್ರಿ. ಆಕಿ ಮುಂದ ಕುಂತು ನೀವ ಉಣ್ರಿ.”

“ನಾನು ಉಂಡ್ರೆ ಅವಳ ಹೊಟ್ಟೆ ತುಂಬುತ್ತೇನಮ್ಮ?” ಎಂದೆ, ಸ್ವಲ್ಪ ಸಿಡುಕಿನಿಂದಲೇ.

“ನೀವು ಅಡಗಿಮನ್ಯಾಗ ಕದ್ದು ಉಂಡ್ರ, ಊಟ ಅಂದ್ರ ಏನಂತ ಆ ಕೂಸಿಗೆ ಹೆಂಗ ಗೊತ್ತಾಗಬೇಕ್ರಿ?”

ಅವಳು ನೆಲದ ಮೇಲೆ ಕುಳಿತು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು, ಬೇಳೆಯಲ್ಲಿ ನೆನೆದ ಜೋಳದ ರೊಟ್ಟಿ ನುರಿದು ತಾನೇ ತಿನ್ನತೊಡಗಿದಳು. ಮಗುವಿಗೆ ಒಂದು ಚೂರೂ ನೀಡಲಿಲ್ಲ. ಅದಿತಿ ಅವಳ ಕೈ ನೋಡಿದಳು, ಬಾಯಿ ನೋಡಿದಳು. ನಾಲ್ಕನೆಯ ತುತ್ತಿಗೆ ಆ ಮಣಿಕಟ್ಟನ್ನೇ ಹಿಡಿದೆಳೆದು ಬೆರಳುಗಳನ್ನು ತನ್ನ ಬಾಯಿಗೆ ತುರುಕಿಕೊಂಡಳು. ಬಿಬ್ ತರಲು ಎದ್ದ ನನ್ನನ್ನು ಮಹಾದೇವಿ ಕಣ್ಣಲ್ಲೇ ತಡೆದಳು. ಕೆನ್ನೆ, ಕೂದಲು, ನೆಲ ಎಲ್ಲ ಬೇಳೆಮಯ. ಆದರೆ ಮಗು ನುಂಗಿತು. ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಅಂದಿನಿಂದ ನಾನೂ ಅದಿತಿಯೂ ನೆಲದ ಮೇಲೆ, ಒಂದೇ ತಟ್ಟೆಯಲ್ಲಿ ಉಂಡೆವು. ಹದಿನೈದು ದಿನಕ್ಕೆ ತೂಕ ಕೊಂಚ ಏರಿತ್ತು. ಟೆಸ್ಟ್ ಬೇಡ ಎಂದರು ಡಾಕ್ಟರು.

ಮುಂದೆ ನಾಲ್ಕು ತಿಂಗಳಿಗೆ ಮಹಾದೇವಿ ಅರೆಕೆರೆಗೆ ಮನೆ ಬದಲಾಯಿಸಿದಳು. ಸಾಮಾನು ಟೆಂಪೋಗೆ ಏರಿಸಿ, ಹೇಳಿಹೋಗಲು ಬಂದು ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಇಡ್ಲಿ ತಿನ್ನುತ್ತಿದ್ದ ಅದಿತಿ ತನ್ನ ಬಾಯಿಂದ ಒಂದು ಚೂರು ತೆಗೆದು ಅವಳ ಬಾಯಿಗಿಟ್ಟಳು. ಅವಳು ಮುಖ ಸಿಂಡರಿಸಲಿಲ್ಲ. ಅದನ್ನೇ ನಿಧಾನವಾಗಿ ಅಗಿಯುತ್ತಾ ಡ್ರೈವರ್ ಪಕ್ಕ ಹತ್ತಿ ಕುಳಿತಳು. ಅರೆಕೆರೆಯೇನೂ ದೂರವಲ್ಲ. ಆದರೂ ನಾನು ಅವಳನ್ನು ನೋಡಿದ್ದು ಅದೇ ಕೊನೆ.